ಚೆಲುವಿ ತವರಿಗೆ ಬಂದದ್ದು

ಅಟ್ಟೂರು, ಯಲಹಂಕ
12 ಆಗಸ್ಟ್ 2024

ಬೆಳ್ಳಕ್ಕಿ ಗೇಮ್ಸ್ ಕಂಪನಿಯ ಮುಖ್ಯಸ್ಥರಿಗೆ, ಹೆಬ್ಬಾಳ.

ನಿಮ್ಮ ಆಟದೊಳಗೆ ‘ಅಭಿಪ್ರಾಯ ತಿಳಿಸಿ’ ಎಂಬ ಜಾಗವಿದೆ. ಅಲ್ಲಿ ಒಂಬತ್ತು ಸಲ ಬರೆದಿದ್ದೇನೆ. ಒಂಬತ್ತು ಸಲವೂ ಅರೆ ನಿಮಿಷದಲ್ಲಿ ‘ನಿಮ್ಮ ಮಾತು ನಮಗೆ ಅಮೂಲ್ಯ’ ಎಂಬ ಉತ್ತರ ಬಂದಿದೆ. ಅರೆ ನಿಮಿಷದಲ್ಲಿ ನನ್ನ ಮಾತನ್ನು ಓದಿ, ತೂಗಿ, ಅಮೂಲ್ಯ ಎಂದು ತೀರ್ಮಾನಿಸುವ ಮನುಷ್ಯರು ಯಾರೂ ಇರಲಾರರು. ಆದ್ದರಿಂದ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಕಾಗದವನ್ನು ಕೈಯಲ್ಲಿ ಹಿಡಿದಾದರೂ ಹಿಡಿಯಬೇಕಲ್ಲ.

ನನ್ನ ಹೆಸರು ಮುನಿಗಂಗಮ್ಮ. ಅರವತ್ತೆಂಟು ವರ್ಷ. ಹತ್ತನೇ ತರಗತಿಯನ್ನು ಯಲಹಂಕದಲ್ಲಿ ಒಂದೇ ಸಲಕ್ಕೆ ಪಾಸು ಮಾಡಿದವಳು. ಯಜಮಾನರು ಹೋಗಿ ಆರು ವರ್ಷವಾಯಿತು. ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಒಂದೇ ಕಟ್ಟಡದಲ್ಲಿದ್ದಾರೆ. ಪುರುಸೊತ್ತಿಲ್ಲದ ಮನೆ. ಹೊತ್ತು ಹೋಗದೆ ಆಡುವವಳು ಎಂದು ನೀವು ತಿಳಿಯಬಾರದು ಎಂದು ಇದನ್ನು ಬರೆದೆ.

ಮೂರು ವರ್ಷದ ಹಿಂದೆ ನನಗೆ ಮಂಡಿಯ ಆಪರೇಷನ್ ಆಯಿತು. ಮಲಗಿದಲ್ಲೇ ಎಲ್ಲರಿಗೂ ಆಜ್ಞೆ ಮಾಡುತ್ತಿದ್ದೆನಂತೆ. ಅದನ್ನು ತಾಳಲಾರದೆ ಮೊಮ್ಮಗಳು ನಂದಿತಾ, “ಅಜ್ಜೀ, ಇಲ್ಲೊಂದು ಮನೆ ಇದೆ, ಇಲ್ಲಿರೋರು ನೀನ್ ಹೇಳಿದ್ದೆಲ್ಲಾ ಕೇಳ್ತಾರೆ ನೋಡು” ಎಂದು ನಿಮ್ಮ ‘ತುಂಬು ಮನೆ’ ಆಟವನ್ನು ಫೋನಿಗೆ ಹಾಕಿಕೊಟ್ಟಳು. ಅಂದಿನಿಂದ ಆ ಮನೆಯನ್ನು ನಡೆಸುತ್ತಿದ್ದೇನೆ. ಹನ್ನೊಂದು ಜನ, ಎರಡು ಹಸು, ಬಾವಿ, ಹಲಸಿನ ಮರ. ನನ್ನ ಮನೆಯಲ್ಲಿ ಯಾರೂ ಹಸಿದು ಮಲಗಿಲ್ಲ, ಯಾವ ಮಗುವೂ ಶಾಲೆ ತಪ್ಪಿಸಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಆಟದಲ್ಲಿ ಒಬ್ಬರ ಮನೆಯ ಹುಡುಗಿಯನ್ನು ಇನ್ನೊಬ್ಬರ ಮನೆಯ ಹುಡುಗನಿಗೆ ಕೊಡಬಹುದು. ಇಬ್ಬರೂ ಬೀಗರಾಗುತ್ತಾರೆ, ವಾರಕ್ಕೊಂದು ಸಲ ಒಬ್ಬರಿಗೊಬ್ಬರು ಬುತ್ತಿ ಕಳಿಸಬಹುದು. ಇದು ಒಳ್ಳೆಯ ಏರ್ಪಾಡು. ತೊಟ್ಟಿಲಿನಿಂದ ಸಾಕಿದ ಚೆಲುವಿ ಎಂಬ ಹುಡುಗಿಯನ್ನು ನಾನು ಹೀಗೆಯೇ ಹೋದ ವರ್ಷ ಬಾಗಲೂರಿನವರ ಮನೆಗೆ ಕೊಟ್ಟೆ. ಅವರು ಯಾರೆಂಬುದು ನಿಮಗೆ ಬೇಡ. ಕೊರಳಿಗೆ ತಾಳಿ ಬಿದ್ದ ಗಳಿಗೆಯಲ್ಲಿ ನನ್ನ ಮನೆಯ ಪಟ್ಟಿಯಿಂದ ಅವಳ ಹೆಸರು ಅಳಿಸಿಹೋಯಿತು. ಹುಡುಕಿದರೆ ‘ಈ ಹೆಸರಿನವರು ಈ ಮನೆಯಲ್ಲಿಲ್ಲ’ ಎನ್ನುತ್ತದೆ. ಗೌರಿ ಹಬ್ಬಕ್ಕೂ ಅವಳನ್ನು ಕರೆಯುವ ದಾರಿಯಿಲ್ಲ.

ಈ ಒಂದು ವರ್ಷದಲ್ಲಿ ನೀವು ಕೊಟ್ಟಿರುವುದೇನು? ಈಜುಕೊಳ. ಜೂಲು ನಾಯಿ. ದೀಪಾವಳಿಯ ದಿನ ಆಕಾಶದಿಂದ ಮಂಜು. ನಮ್ಮ ಬೀದಿಯ ಮುನಿಕೆಂಪಮ್ಮ ಆ ಮಂಜು ನೋಡಿ, “ಅಕ್ಕಾ, ಯಾರೋ ನಮ್ಮ ಮನೆ ಮ್ಯಾಲೆ ಮೈದಾಇಟ್ಟು ಚೆಲ್ಲವ್ರೆ” ಎಂದಳು. ಇವುಗಳನ್ನು ಕೇಳಿದವರು ಯಾರು? ನಾವು ಕೇಳಿದ್ದು ಒಂದೇ. ಕೊಟ್ಟ ಹೆಣ್ಣು ತವರಿಗೆ ಬಂದು ಹೋಗಲು ಒಂದು ದಾರಿ.

ಇನ್ನು ಇಪ್ಪತ್ತೈದು ದಿನಕ್ಕೆ ಗೌರಿ ಹಬ್ಬ. ಮನುಷ್ಯರು ಉತ್ತರಿಸಬೇಕಾಗಿ ವಿನಂತಿ. ಫೋನ್ ನಂಬರನ್ನು ಕೆಳಗೆ ಕೊಟ್ಟಿದ್ದೇನೆ.

ಮುನಿಗಂಗಮ್ಮ


ಹೆಬ್ಬಾಳ
9 ಸೆಪ್ಟೆಂಬರ್ 2024

ಮುನಿಗಂಗಮ್ಮನವರಿಗೆ ನಮಸ್ಕಾರಗಳು.

ನಾನು ಮನುಷ್ಯಳು. ಹೆಸರು ಶೀತಲ್. ಆಟಗಾರರ ಅಭಿಪ್ರಾಯಗಳನ್ನು ಓದಿ ಉತ್ತರಿಸುವುದು ನನ್ನ ಕೆಲಸ. ಈ ಆಫೀಸಿಗೆ ಅಂಚೆಯಲ್ಲಿ ಬಂದ ಮೊದಲ ಕಾಗದ ನಿಮ್ಮದು. ಸೆಕ್ಯೂರಿಟಿಯವರು ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹತ್ತು ದಿನ ಟೇಬಲ್ ಡ್ರಾಯರಿನಲ್ಲಿ ಇಟ್ಟಿದ್ದರು. ಹಬ್ಬ ಮುಗಿದ ಮೇಲೆ ಉತ್ತರಿಸುತ್ತಿರುವುದಕ್ಕೆ ಕ್ಷಮೆ ಇರಲಿ.

ನಿಮ್ಮ ಬೇಡಿಕೆಯನ್ನು ನಮ್ಮ ತಂಡಕ್ಕೆ ತಲುಪಿಸಿದ್ದೇನೆ. ಒಂದು ಒಳ್ಳೆಯ ಸುದ್ದಿಯೂ ಇದೆ. ಮುಂದಿನ ತಿಂಗಳು ಆಟದೊಳಗೇ ಓಟು ನಡೆಯಲಿದೆ. ಆಟಗಾರರಿಗೆ ಏನು ಬೇಕು ಎಂದು ಅವರನ್ನೇ ಕೇಳುತ್ತೇವೆ. ಅತಿ ಹೆಚ್ಚು ಓಟು ಬಂದದ್ದನ್ನು ಸಂಕ್ರಾಂತಿಗೆ ಕೊಡುತ್ತೇವೆ. ಪಟ್ಟಿಯಲ್ಲಿ ‘ತವರು’ ಕೂಡ ಇದೆ. ಅದನ್ನು ಸೇರಿಸಲು ನಿಮ್ಮ ಕಾಗದವೇ ಕಾರಣ.

ತವರು ಹೇಗಿರಬೇಕು ಎಂದು ಸ್ವಲ್ಪ ವಿವರವಾಗಿ ಬರೆದರೆ ಅನುಕೂಲ. ನಮ್ಮ ತಂಡದಲ್ಲಿ ಹೆಚ್ಚಿನವರು ಇನ್ನೂ ಮದುವೆಯಾಗದ ಹುಡುಗರು.

ವಿಶ್ವಾಸದಿಂದ,
ಶೀತಲ್


ಅಟ್ಟೂರು
23 ಸೆಪ್ಟೆಂಬರ್ 2024

ಶೀತಲ್ ಅವರಿಗೆ,

ಕಾಗದ ತಲುಪಿತು. ಮದುವೆಯಾಗದ ಹುಡುಗರ ಕೈಗೆ ಸಂಸಾರದ ಆಟ ಕೊಟ್ಟಿರುವ ನಿಮ್ಮ ಮುಖ್ಯಸ್ಥರ ಧೈರ್ಯಕ್ಕೆ ಮೆಚ್ಚಿದೆ. ಅವರಿಗೆ ಓದಿ ಹೇಳಿ.

ತವರು ಎಂದರೆ ಹೆಣ್ಣು ಬಂದು, ಇದ್ದು, ತಿರುಗಿ ಹೋಗುವ ಮನೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ತವರಲ್ಲ. ಮದುವೆಯಾದ ಮೊದಲ ಆಷಾಢಕ್ಕೆ ಬರುತ್ತಾಳೆ. ಗೌರಿ ಹಬ್ಬಕ್ಕೆ ಬರುತ್ತಾಳೆ. ಚೊಚ್ಚಲ ಬಾಣಂತನಕ್ಕೆ ಬಂದರೆ ಮೂರು ತಿಂಗಳು, ಕೆಲವರು ಐದು ತಿಂಗಳು ಇರುತ್ತಾರೆ. ಕರೆಯಲು ತಂದೆಯೋ ಅಣ್ಣನೋ ಹೋಗಬೇಕು. ಬಂದವಳು ಮೊದಲ ದಿನ ಕೆಲಸ ಮಾಡಬಾರದು. ಎರಡನೇ ದಿನ ಬೇಡವೆಂದರೂ ಮಾಡುತ್ತಾಳೆ. ಅತ್ತಿಗೆಯೊಂದಿಗೆ ಒಂದು ಸಣ್ಣ ಜಗಳವಾಗಬೇಕು. ಅದಿಲ್ಲದಿದ್ದರೆ ಬಂದದ್ದೇ ಗೊತ್ತಾಗುವುದಿಲ್ಲ. ಅವಳಿಗೆ ಇಷ್ಟವಾದ ಅಡುಗೆ ಒಂದು ಹೊತ್ತಾದರೂ ಆಗಬೇಕು. ನಮ್ಮಲ್ಲಿ ಅದು ಅವರೆಕಾಳಿನ ಹಿತಕಿದಬೇಳೆ ಸಾರು. ಕಾಲವಲ್ಲದ ಕಾಲದಲ್ಲಿ ಬಂದು ಅದನ್ನೇ ಕೇಳುವ ಹುಡುಗಿಯರೂ ಇರುತ್ತಾರೆ.

ಮಂಗಳವಾರ, ಶುಕ್ರವಾರ ಕಳಿಸುವಂತಿಲ್ಲ. ಹೊರಡುವ ದಿನ ಮಡಿಲು ತುಂಬಬೇಕು. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಕಣ. ಗಂಡ ಹೋದವಳು ಮಡಿಲು ತುಂಬಬಾರದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾನೇ ತುಂಬುತ್ತೇನೆ. ಎದುರು ನಿಂತು ಬೇಡವೆನ್ನುವ ಧೈರ್ಯ ಯಾರಿಗೂ ಬಂದಿಲ್ಲ. ಮಡಿಲಿಗೆ ಬಿದ್ದ ಅಕ್ಕಿಯಲ್ಲಿ ಒಂದು ಹಿಡಿಯನ್ನು ಅವಳು ಮೊರಕ್ಕೆ ತಿರುಗಿ ಹಾಕಬೇಕು. ಮತ್ತೆ ಬರುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಬದಲು ಮಾಡುವ ಕೆಲಸ ಅದು. ಹಾಕದೆ ಹೋದರೆ ತಾಯಿಗೆ ಊಟ ಸೇರುವುದಿಲ್ಲ.

ಮುಖ್ಯವಾದ ಮಾತು. ಅವಳು ನಮ್ಮ ಮನೆಯಲ್ಲಿರುವಾಗಲೂ ಅವಳ ಗಂಡನ ಮನೆಯ ಪಟ್ಟಿಯಿಂದ ಹೆಸರು ಹೋಗಬಾರದು. ಹೆಣ್ಣಿಗೆ ಎರಡು ಮನೆ. ನಿಮ್ಮ ಯಂತ್ರಕ್ಕೆ ಅದನ್ನು ಕಲಿಸಿ.

ಓಟಿನ ವಿಷಯ ನಮ್ಮ ಮಹಿಳಾ ಸಂಘದಲ್ಲಿ ಹೇಳಿದೆ. ನನ್ನನ್ನು ಬಿಟ್ಟು ನಲವತ್ತು ಜನ ಆಡುತ್ತಾರೆ. “ಏನ್ ಗಂಗಕ್ಕ, ಕಂಪನಿಯವ್ರು ನಿಮ್ ಮಾತ್ ಕೇಳ್ತಾರಾ? ನಮ್ಮನೇಲಿ ನನ್ ಮಾತೇ ಕೇಳಲ್ಲ” ಎಂದು ಒಬ್ಬಳು ಹಲ್ಲು ಬಿಟ್ಟಳು. ನಿಮ್ಮ ಕಾಗದವನ್ನು ಬಿಚ್ಚಿ ಎಲ್ಲರ ಮುಂದೆ ಓದಿದೆ. ನನ್ನ ಮಾತಿನ ಮೇಲೆ ಎಲ್ಲರೂ ಓಟು ಹಾಕುತ್ತಾರೆ. ಅದು ನಿಮಗೆ ನೆನಪಿರಲಿ.

ಮುನಿಗಂಗಮ್ಮ


ಹೆಬ್ಬಾಳ
18 ನವೆಂಬರ್ 2024

ಅಮ್ಮಾ,

ಗೆದ್ದಿರಿ! ‘ತವರು’ ಮೊದಲ ಸ್ಥಾನದಲ್ಲಿದೆ. ಎರಡನೆಯದಕ್ಕೆ ಇದರ ಅರ್ಧದಷ್ಟೂ ಓಟಿಲ್ಲ. ನಾಳೆ ಆಟದೊಳಗೆ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಸಂಕ್ರಾಂತಿಯ ಬೆಳಿಗ್ಗೆ ತವರು ಬರುತ್ತದೆ.

ನಿಮ್ಮ ಎರಡನೇ ಕಾಗದವನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದೆ. ಅತ್ತಿಗೆ ಜಗಳದ ಹತ್ತಿರ ಎಲ್ಲರೂ ನಕ್ಕರು. ಮೊರಕ್ಕೆ ಅಕ್ಕಿ ಹಾಕುವ ಹತ್ತಿರ ನಮ್ಮ ಮುಖ್ಯಸ್ಥರಾದ ಮನೋಹರ್ ಸರ್ ತಲೆ ಎತ್ತಿ ನೋಡಿದರು.

ನಾನು ನವಲಗುಂದದ ಕಡೆಯವಳು. ನೀವು ಮಡಿಲು ತುಂಬುವುದು ಎನ್ನುವುದನ್ನು ನಮ್ಮಲ್ಲಿ ಉಡಿ ತುಂಬುವುದು ಎನ್ನುತ್ತೇವೆ. ನಿಮ್ಮ ಕಾಗದ ಓದಿದ ದಿನ ನಮ್ಮ ಅವ್ವನಿಗೆ ಫೋನ್ ಮಾಡಿದೆ. “ಏನವಾ ನಡುವಾರದಾಗ ಫೋನು? ಆರಾಮ ಇದ್ದೀ ಇಲ್ಲೋ?” ಎಂದು ಗಾಬರಿಯಾದಳು. ಇಲ್ಲಿ ನನಗೆ ಇಂಥ ಕಾಗದ ಬರೆಯುವವರು ಯಾರೂ ಇಲ್ಲ. ನಿಮಗೆ ಹೆಣ್ಣುಮಕ್ಕಳಿಲ್ಲ ಎಂದು ಮೊದಲ ಕಾಗದದಿಂದ ತಿಳಿಯಿತು. ಅದಕ್ಕೇ ಇರಬೇಕು ಚೆಲುವಿಯ ಮೇಲೆ ಇಷ್ಟು ಅಕ್ಕರೆ.

ನಿಮ್ಮ
ಶೀತಲ್


ಅಟ್ಟೂರು
2 ಡಿಸೆಂಬರ್ 2024

ಶೀತಲ್,

ಇನ್ನು ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ನನ್ನ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು ಅಷ್ಟೆ. ನಡುವಾರದಲ್ಲೂ ಅವ್ವನಿಗೆ ಫೋನ್ ಮಾಡುತ್ತಿರು. ಗಾಬರಿಯಾದರೆ ಆಗಲಿ.

ಸಂಕ್ರಾಂತಿ ಈ ಸಲ ಮಂಗಳವಾರ ಬಂದಿದೆ. ಹೆಣ್ಣನ್ನು ಕಳಿಸುವ ದಿನವಲ್ಲ, ಕರೆಸಿಕೊಳ್ಳಲು ಅಡ್ಡಿಯಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಹಜಾರದಲ್ಲಿ ನಲವತ್ತೊಂದು ಜನರೂ ಕೂತು, ಕೊಟ್ಟ ಹೆಣ್ಣುಮಕ್ಕಳನ್ನು ಒಟ್ಟಿಗೆ ಕರೆಯುವುದೆಂದು ತೀರ್ಮಾನಿಸಿದ್ದೇನೆ. ಒಬ್ಬೊಬ್ಬರೇ ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ ಇದು. ನೀನು ಬರಬೇಕು. ಎಳ್ಳು ಬೆಲ್ಲ ಬೀರುತ್ತೇನೆ. ನಿನಗೂ ಒಂದು ರವಿಕೆ ಕಣ ಎತ್ತಿಟ್ಟಿದ್ದೇನೆ.

ಬಾಗಲೂರಿನವರು ಪ್ರತಿ ಮಂಗಳವಾರ ತಪ್ಪದೆ ಆಟದಲ್ಲಿ ಬುತ್ತಿ ಕಳಿಸುತ್ತಾರೆ. ಹೋದ ವಾರ ಅವರೆಕಾಯಿ ಬಂದಿತ್ತು. ನಾನು ಹಲಸಿನ ಹಪ್ಪಳ ಕಳಿಸಿದೆ. ಚೆಲುವಿ ಬಂದಾಗ ಅವರಿಗೂ ಸಂತೋಷವಾಗುತ್ತದೆ ಎಂದುಕೊಂಡಿದ್ದೇನೆ.

ಮುನಿಗಂಗಮ್ಮ


ಹೆಬ್ಬಾಳ
10 ಜನವರಿ 2025

ಅಮ್ಮಾ,

ಹಬ್ಬಕ್ಕೆ ಬರಲಾಗುವುದಿಲ್ಲ. ಆಫೀಸಿನಲ್ಲಿ ಕೆಲಸವಿದೆ. ತವರು ಬಂದ ಕೂಡಲೇ ಒತ್ತಬೇಡಿ. ಹೊಸದು ಬಂದಾಗ ಸಣ್ಣಪುಟ್ಟ ತೊಂದರೆಗಳಿರುತ್ತವೆ. ಎರಡು ಮೂರು ದಿನ ಕಾದು ನೋಡಿದರೆ ಒಳ್ಳೆಯದು ಎಂದು ನನ್ನ ಅನಿಸಿಕೆ. ಬೇರೇನೂ ಇಲ್ಲ.

ಶೀತಲ್


ಅಟ್ಟೂರು
18 ಜನವರಿ 2025

ಶೀತಲ್ ಅವರಿಗೆ,

ನಿಮ್ಮನ್ನು ನೀನು ಎಂದು ಕರೆದದ್ದು ನನ್ನ ತಪ್ಪು. ಆ ಸಲುಗೆಯನ್ನು ತಿರುಗಿ ತೆಗೆದುಕೊಂಡಿದ್ದೇನೆ.

ನಿಮ್ಮ ಹತ್ತನೇ ತಾರೀಖಿನ ಕಾಗದ ನನ್ನ ಕೈಗೆ ಬಂದದ್ದು ಹದಿನಾರಕ್ಕೆ. ಹಬ್ಬ ಹದಿನಾಲ್ಕಕ್ಕೆ. ಹಬ್ಬದ ವಾರದಲ್ಲಿ ಅಂಚೆ ತಡವಾಗುತ್ತದೆ ಎಂದು ನವಲಗುಂದದವರಿಗೂ ಗೊತ್ತಿರಬೇಕು. ನನ್ನ ಫೋನ್ ನಂಬರ್ ನಿಮ್ಮ ಹತ್ತಿರವಿತ್ತು. ಎಚ್ಚರಿಸಿದೆ ಎಂದು ನಿಮ್ಮ ಮನಸ್ಸಿಗೆ ಹೇಳಿಕೊಳ್ಳುವುದಕ್ಕೆ ಬರೆದ ಕಾಗದ ಅದು. ನನಗೆ ಬರೆದದ್ದಲ್ಲ.

ಏನಾಯಿತೆಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ. ನೀವು ನೋಡಿರುವುದು ಆಫೀಸಿನಲ್ಲಿ. ನಾನು ನೋಡಿದ್ದು ನನ್ನ ಹಜಾರದಲ್ಲಿ.

ಎಲ್ಲರೂ ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಬಂದಿದ್ದರು. ಜಮಖಾನ ಹಾಸಿದ್ದೆವು. ಮುನಿಕೆಂಪಮ್ಮ ಫೋನಿಗೂ ಕುಂಕುಮ ಹಚ್ಚಿಕೊಂಡು ಬಂದಿದ್ದಳು. ಹತ್ತು ಗಂಟೆಗೆ ನಾನು “ಒತ್ತಿ” ಎಂದೆ. ನಲವತ್ತೊಂದು ಬೆರಳು ಒಟ್ಟಿಗೆ ಒತ್ತಿದವು. ಚೆಲುವಿ ಬಂದಳು. ಕೈಯಲ್ಲಿ ಟ್ರಂಕು. ಕೊರಳು ಬರಿದು. ಮೇಲೆ ಬರೆದಿತ್ತು: ‘ಚೆಲುವಿ ತವರಿಗೆ ಮರಳಿದ್ದಾಳೆ. ಈ ಸಂಬಂಧ ಮುಗಿದಿದೆ.’

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮುನಿಕೆಂಪಮ್ಮ ಎದೆ ಬಡಿದುಕೊಂಡಳು. “ಅಯ್ಯೋ ಅಕ್ಕಾ, ಅದೆಂಗಕ್ಕಾ ಇಂಗ್ ಮಾಡವ್ರೆ? ಅಬ್ಬದ್ ದಿನ ನಮ್ ಕೈಯಾರೆ ಮಕ್ಕಳ ತಾಳಿ ಕೀಳಿಸ್ಬುಟ್ರಲ್ಲಾ!” ಒಬ್ಬಳು ಎಳ್ಳು ಬೆಲ್ಲದ ತಟ್ಟೆ ಹಾಗೆಯೇ ಬಿಟ್ಟು ಎದ್ದು ಹೋದಳು. ಅಂದು ಹಲ್ಲು ಬಿಟ್ಟವಳು ಇಂದು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಒಬ್ಬಳು ಮೊದಲು ಒತ್ತಿ ನೋಡಿದ್ದರೆ ಉಳಿದ ನಲವತ್ತು ಸಂಸಾರ ಉಳಿಯುತ್ತಿತ್ತು. ಶುಭ ಕಾರ್ಯವನ್ನು ಹತ್ತು ಜನ ಸೇರಿ ಮಾಡಬೇಕೆಂದು ಒಟ್ಟಿಗೆ ಕೂರಿಸಿದವಳು ನಾನು. ಆ ಭಾಗ ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ನಿಮ್ಮದು ಯಾವುದೆಂದು ಕೇಳಿ. ಬಂದು, ಇದ್ದು, ತಿರುಗಿ ಹೋಗುವ ಮನೆ ಎಂದು ನಾನು ಬರೆದಿದ್ದೆ. ಹೆಣ್ಣಿಗೆ ಎರಡು ಮನೆ ಎಂದು ಬರೆದಿದ್ದೆ. ನೀವು ಬಿಡಿಸಿ ಕೇಳಿದ್ದಕ್ಕೇ ಬಿಡಿಸಿ ಬರೆದೆ. ಕೇಳದೆ ಮಾಡುವವರನ್ನು ಕಂಡಿದ್ದೇನೆ. ಕೇಳಿ, ಓಟು ಹಾಕಿಸಿ, ಗೆದ್ದಿರಿ ಎಂದು ಹೇಳಿ, ಕೇಳಿದ್ದರ ಹೆಸರನ್ನೇ ಇಟ್ಟು ಅದರ ವಿರುದ್ಧವಾದದ್ದನ್ನು ಕೈಗೆ ಕೊಡುವವರನ್ನು ಈ ವಯಸ್ಸಿಗೆ ಮೊದಲ ಸಲ ಕಂಡೆ.

ಇನ್ನೊಂದು ವಿಷಯ. ನನಗೆ ಹೆಣ್ಣುಮಕ್ಕಳಿಲ್ಲ ಎಂದು ನೀವು ತಿಳಿದಿರಿ. ನಾನು ತಿದ್ದಲಿಲ್ಲ. ನನಗೆ ಮಗಳಿದ್ದಾಳೆ. ಸಂಯುಕ್ತಾ. ಬಾಗಲೂರಿನಲ್ಲಿದ್ದಾಳೆ. ಇಲ್ಲಿಂದ ಎಷ್ಟು ದೂರ? ನಾಲ್ಕು ವರ್ಷದಿಂದ ಈ ಮನೆಗೆ ಕಾಲಿಟ್ಟಿಲ್ಲ. ನಾನೂ ಹೋಗಿಲ್ಲ, ಮಾತೂ ಇಲ್ಲ. ಅವಳೂ ನಿಮ್ಮ ಆಟ ಆಡುತ್ತಾಳೆಂದು ನಂದಿತಾ ಕಂಡುಹಿಡಿದು, ನಮ್ಮಿಬ್ಬರಿಗೂ ಏನೂ ಹೇಳದೆ ಚೆಲುವಿಯ ಸಂಬಂಧ ಕುದುರಿಸಿದಳು. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಪ್ರತಿ ಮಂಗಳವಾರ ಬುತ್ತಿ ಬರುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಒಂದು ವಾರವೂ ತಪ್ಪಿರಲಿಲ್ಲ. ನನಗೆ ಮಗಳಿಂದ ಬರುತ್ತಿದ್ದದ್ದು ಅದೊಂದೇ.

ಅವಳ ಫೋನಿನಲ್ಲಿ ಏನು ಬರೆದು ಬಂತು ಗೊತ್ತೇ? ‘ನಿಮ್ಮ ಸೊಸೆಯನ್ನು ತವರಿನವರು ಕರೆಸಿಕೊಂಡಿದ್ದಾರೆ. ಈ ಸಂಬಂಧ ಮುಗಿದಿದೆ.’ ಬುತ್ತಿಯ ದಾರಿಯೂ ಮುಚ್ಚಿತು. ಮಾರನೇ ದಿನ ನಂದಿತಾ ಫೋನ್ ಮಾಡಿದಾಗ ಅವಳು ಹೇಳಿದ್ದು ಇಷ್ಟು: “ಆಟದಲ್ಲೂ ನಾನ್ ಬೇಡ್ವಾ ಅಂತ ನಿಮ್ಮಜ್ಜೀನ ಕೇಳು.”

ಕೇಳಿದ್ದಾಳೆ. ಉತ್ತರವನ್ನು ನೀವು ಬರೆಯಿರಿ.

ಮುನಿಗಂಗಮ್ಮ


ಹೆಬ್ಬಾಳ
3 ಫೆಬ್ರವರಿ 2025

ಅಮ್ಮಾ,

ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದು. ಬೇರೆ ಹೇಗೆ ಆರಂಭಿಸಬೇಕೆಂದೂ ತಿಳಿಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ನಿಜವನ್ನು ಬರೆಯುತ್ತೇನೆ. ಓಟು ಮುಗಿದ ವಾರವೇ ಮೀಟಿಂಗಿನಲ್ಲಿ ಹುಡುಗರು ಹೇಳಿದರು. ಈ ಆಟದಲ್ಲಿ ಒಬ್ಬರ ಹೆಸರು ಒಂದೇ ಮನೆಯಲ್ಲಿರುವಂತೆ ಮೊದಲಿನಿಂದಲೂ ಕಟ್ಟಿದ್ದಾರೆ. ಎರಡು ಮನೆಯಲ್ಲಿರಬೇಕೆಂದರೆ ತಳಪಾಯದಿಂದ ಬಿಚ್ಚಬೇಕು, ಎಂಟು ತಿಂಗಳ ಕೆಲಸ. ಸಂಬಂಧ ಮುರಿದು ಹೆಣ್ಣನ್ನು ಹಳೆಯ ಮನೆಗೆ ಸೇರಿಸುವುದಾದರೆ ಮೂರು ದಿನ ಸಾಕು. ಮನೋಹರ್ ಸರ್ ಮೂರು ದಿನದ್ದನ್ನು ಆರಿಸಿದರು.

ನಾನು ಎದ್ದು ನಿಂತು ಹೇಳಿದೆ. ಸಿಟ್ಟು ಬಂದಾಗ ನನಗೆ ನಮ್ಮೂರಿನ ಮಾತೇ ಬರುತ್ತದೆ. “ಸರ್, ಇದು ತವರ್ಮನಿ ಅಲ್ರೀ. ಗಂಡನ್ನ ಬಿಟ್ಟು ಬರೂದ್ರೀ ಇದು.” ಅವರು, “ಶೀತಲ್, ತವರು ಬೇಕು ಅಂದ್ರು, ಓಟ್ ಹಾಕಿದ್ರು, ತವರು ಅಂತಾನೇ ಹೆಸರಿಟ್ಟು ಕೊಡ್ತಿದ್ದೀವಿ. ಇನ್ನೇನಮ್ಮಾ?” ಎಂದರು. ಒಬ್ಬ ಹುಡುಗ, “ಆ ಅಜ್ಜಿ ಸೂಪರ್ ಗುರು, ಅವ್ರನ್ನೇ ಕೆಲಸಕ್ಕೆ ತಗೊಳ್ಳೋಣ” ಎಂದ. ಎಲ್ಲರೂ ನಕ್ಕರು. ಮುಂದಿನ ವಿಷಯಕ್ಕೆ ಹೋದರು.

ನಿಮ್ಮ ಕಾಗದ ಓದಿದಾಗ ಮನೋಹರ್ ಸರ್ ತಲೆ ಎತ್ತಿ ನೋಡಿದರು ಎಂದು ಬರೆದಿದ್ದೆ. ಅವರು ಗಡಿಯಾರ ನೋಡಿದ್ದು. ಅದನ್ನು ಬರೆಯಲಿಲ್ಲ. ಅಂದೇ ನಿಮಗೆ ಫೋನ್ ಮಾಡಬಹುದಿತ್ತು. ಜನವರಿಯಲ್ಲಿ ನನ್ನ ಕೆಲಸ ಕಾಯಂ ಆಗುವುದಿತ್ತು. ಹೊರಗಿನವರಿಗೆ ಮೊದಲೇ ಹೇಳಿದರೆಂದು ಹೋದ ವರ್ಷ ಒಬ್ಬರನ್ನು ತೆಗೆದಿದ್ದರು. ಅಂಚೆಯ ವಿಷಯ ನೀವು ಬರೆದದ್ದು ಸರಿ. ಕಾಗದವನ್ನು ಡಬ್ಬಕ್ಕೆ ಹಾಕುವಾಗ ತಡವಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೆಲಸ ಕಾಯಂ ಆಗಿದೆ.

ನನ್ನ ಕೈಯಲ್ಲಿ ಒಂದು ಕೆಲಸ ಸಾಧ್ಯವಿದೆ. ಒಬ್ಬ ಹುಡುಗ ಒಪ್ಪಿದ್ದಾನೆ. ನಿಮ್ಮ ಮನೆಯನ್ನು, ಸಂಯುಕ್ತಾ ಅವರ ಮನೆಯನ್ನು ಜನವರಿ ಹದಿಮೂರನೇ ತಾರೀಖಿನಲ್ಲಿ ಹೇಗಿತ್ತೋ ಹಾಗೆಯೇ ಮಾಡಿಕೊಡುತ್ತಾನೆ. ಚೆಲುವಿ ಬಾಗಲೂರಿನಲ್ಲಿರುತ್ತಾಳೆ, ಬುತ್ತಿ ಬರುತ್ತದೆ. ಈ ಒಂದು ಸಂಬಂಧಕ್ಕೆ ಮಾತ್ರ ಸಾಧ್ಯ. ಯಾರಿಗೂ ಹೇಳಬಾರದು. ಹೂಂ ಎಂದು ಒಂದು ಮಾತು ಬರೆಯಿರಿ.

ಶೀತಲ್


ಅಟ್ಟೂರು
24 ಫೆಬ್ರವರಿ 2025

ಶೀತಲ್ ಅವರಿಗೆ,

ಹೂಂ ಎನ್ನುವುದಿಲ್ಲ. ನಲವತ್ತೊಂದು ಮನೆಯನ್ನೂ ಸರಿಮಾಡಿದರೆ ಮಾಡಿ. ನನ್ನದೊಂದನ್ನು ಗುಟ್ಟಾಗಿ ಸರಿಮಾಡಿಸಿಕೊಂಡು ಮುನಿಕೆಂಪಮ್ಮನ ಮುಂದೆ ಕೂರುವ ಮುಖ ನನಗಿಲ್ಲ.

ನೀವು ನಿಜ ಬರೆದಿರಿ. ತಡವಾಗಿ ಬರೆದಿರಿ, ಆದರೂ ಬರೆದಿರಿ. ಅದಕ್ಕಾಗಿ ಈ ಕಾಗದ.

ಹದಿನಾರನೇ ತಾರೀಖು ಭಾನುವಾರ ಬಾಗಲೂರಿಗೆ ಹೋದೆ. ನಂದಿತಾ ಜೊತೆಗೆ ಬಂದಳು. ಮಗಳನ್ನು ನೋಡಲು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ತಪ್ಪು ನನ್ನದಲ್ಲ, ಕಂಪನಿಯದು ಎಂದು ರುಜುವಾತು ಮಾಡಲು ಹೋದೆ. ನಿಮ್ಮ ನಾಲ್ಕೂ ಕಾಗದ ಬ್ಯಾಗಿನಲ್ಲಿದ್ದವು. ನಾನು ನಿಮಗೆ ಬರೆದವುಗಳ ಜೆರಾಕ್ಸ್ ಕೂಡ ಇದ್ದವು. ಏನನ್ನು ಕಳಿಸಿದರೂ ಒಂದು ಪ್ರತಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ.

ಸಂಯುಕ್ತಾ ಬಾಗಿಲು ತೆಗೆದು, “ಬನ್ನಿ” ಎಂದಳು. ನನಗೆ ಬಹುವಚನ. ಹಜಾರದಲ್ಲಿ ಕೂರಿಸಿದಳು. ಅವಳ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಯಾರೂ ನನಗೆ ಹೇಳಿರಲಿಲ್ಲ. ಕಾಗದಗಳನ್ನು ಟೀಪಾಯಿಯ ಮೇಲೆ ತಾರೀಖಿನ ಪ್ರಕಾರ ಜೋಡಿಸಿದೆ. “ಓದು. ಓದಿ ಆಮೇಲೆ ಮಾತಾಡು” ಎಂದೆ. ಅವಳು ಒಂದೊಂದನ್ನೇ ಓದಿದಳು. ತವರು ಹೇಗಿರಬೇಕೆಂದು ನಾನು ಬರೆದ ಕಾಗದವನ್ನು ಎರಡು ಸಲ ಓದಿದಳು. ಹಿತಕಿದಬೇಳೆಯ ಸಾಲಿನ ಮೇಲೆ ಬೆರಳಿಟ್ಟಳು. ಕಾಲವಲ್ಲದ ಕಾಲದಲ್ಲಿ ಅದನ್ನು ಕೇಳುತ್ತಿದ್ದವಳು ಅವಳೇ.

ಓದಿ ಮುಗಿಸಿ ಹೇಳಿದಳು: “ಇಷ್ಟೆಲ್ಲಾ ಹೆಬ್ಬಾಳಕ್ಕೆ ಬರ್ದಿದ್ದೀಯಲ್ಲಮ್ಮ. ನಂಗೆ ಒಂದ್ ಸಾಲ್ ಬರೀಬೋದಿತ್ತು.”

ಬಹುವಚನ ಹೋಗಿತ್ತು. ಕಾಗದಗಳನ್ನು ಮಡಿಸಿ ಬ್ಯಾಗಿಗೆ ತುಂಬಿದೆ. ಹೊರಡುವಾಗ ಬಾಗಿಲಲ್ಲಿ ನಿಂತು, “ಬರ್ತೀಯಾ ಮನೆಗೆ?” ಎಂದು ಕೇಳಿದೆ. ಆಜ್ಞೆಯಲ್ಲ, ಕೇಳಿದ್ದೇ. ಅವಳು, “ಬಂದ್ರೆ ಎಲ್ಲಿ ಮಲಗ್ಲಿ?” ಎಂದಳು.

ಇದು ನಿಮಗೆ ಅರ್ಥವಾಗಬೇಕಾದರೆ ನಾನು ಯಾರಿಗೂ ಬರೆಯದ ವಿಷಯ ಬರೆಯಬೇಕು. ಯಜಮಾನರು ಹೋದ ಮೇಲೆ ಹಳೆಯ ಮನೆ ಕೆಡವಿ ಈ ಮೂರು ಮಹಡಿ ಕಟ್ಟಿಸಿದೆವು. ಮನೆಯಲ್ಲಿ ತನಗೆ ಹಕ್ಕಿಲ್ಲವೆಂದು ಹೆಣ್ಣುಮಗಳ ಸಹಿ ಬೇಕಿತ್ತು. ರಿಜಿಸ್ಟ್ರಾರ್ ಆಫೀಸಿಗೆ ಕರೆಸಿದೆ. ಅವಳು ಒಂದು ಮಾತೂ ವಾದಿಸಲಿಲ್ಲ. ಪೆನ್ನು ಹಿಡಿದು ಒಂದೇ ಕೇಳಿದಳು: “ಒಂದ್ ಸಣ್ಣ ರೂಮ್ ನಂದು ಅಂತ ಇರ್ಲಮ್ಮ. ಬಂದಾಗ ಇರೋಕೆ.” ನಾನು “ಆಯ್ತು, ಮಾಡೋಣ, ಮೊದ್ಲು ಸಹಿ ಹಾಕು” ಎಂದೆ. ಹಾಕಿದಳು. ಗೃಹಪ್ರವೇಶಕ್ಕೆ ಬಂದು ಮೂರು ಮಹಡಿಯನ್ನೂ ಹತ್ತಿ ನೋಡಿದಳು. ಎಲ್ಲ ಕೋಣೆಗಳಿಗೂ ಯಾರದಾದರೂ ಹೆಸರಿತ್ತು. ಊಟ ಮಾಡಿ, ಮಡಿಲು ತುಂಬುವ ಮುಂಚೆಯೇ ಹೊರಟುಹೋದಳು. ಅವಳಿಗೆ ಆಸ್ತಿಯ ಆಸೆ ಎಂದು ನಾನು ಊರಿಗೆಲ್ಲ ಹೇಳಿದೆ. ನಾಲ್ಕು ವರ್ಷ ಹೇಳಿದೆ.

ಬಾಗಲೂರಿನಿಂದ ಬಂದ ಸಂಜೆಯೇ ದೊಡ್ಡ ಮಗ ವೇಣುಗೋಪಾಲನನ್ನು ಕೂರಿಸಿ, ಎರಡನೇ ಮಹಡಿಯ ಹಿಂದಿನ ಕೋಣೆ ಸಂಯುಕ್ತಾಗೆ ಬೇಕು ಎಂದೆ. ಅವನು ಫೋನಿನಿಂದ ತಲೆ ಎತ್ತದೆ, “ಅಮ್ಮಾ, ಅದು ನನ್ ಆಫೀಸ್ ರೂಮು ಕಣಮ್ಮ. ನಿನ್ ಮಾತು ಸರಿ, ನಾನ್ ಬೇಡ ಅಂತಿಲ್ಲ. ಮುಂದೆ ಅನುಕೂಲ ನೋಡ್ಕೊಂಡ್ ಮಾಡೋಣ” ಎಂದ. ಈ ಮನೆಯಲ್ಲಿ ನನ್ನ ಮಾತೇ ಕಾನೂನು ಎಂದು ಬೀದಿಗೆಲ್ಲ ಗೊತ್ತು. ನನಗೂ ಹಾಗೆಯೇ ಗೊತ್ತಿತ್ತು. ಮಗನ ಮುಖ ನೋಡುತ್ತಾ ಕೂತೆ. ನಿಮ್ಮ ಮನೋಹರ್ ಅವರನ್ನು ನಾನು ಕಂಡಿಲ್ಲ, ಇನ್ನು ಕಾಣುವ ಅಗತ್ಯವೂ ಇಲ್ಲ. ಮಗನಿಗೆ ‘ಮಾಡೋಣ’ ಎಂಬ ಆ ಮಾತು ಕಲಿಸಿದವಳು ನಾನೇ ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು.

ಮಾರನೇ ದಿನ ನಂದಿತಾಳನ್ನು ಕರೆದುಕೊಂಡು ಯಲಹಂಕಕ್ಕೆ ಹೋಗಿ ಒಂದು ಮಂಚ ಕೊಂಡು ತಂದೆ. ನನ್ನ ಕೋಣೆಯಲ್ಲೇ ಹಾಕಿಸಿದ್ದೇನೆ. ಯಾರನ್ನೂ ಕೇಳಲಿಲ್ಲ. ನನ್ನ ಬೀರು ಹೊರಗೆ ಹಜಾರಕ್ಕೆ ಬಂದಿದೆ. ಬಂದವರೆಲ್ಲ ಯಾಕೆ ಎಂದು ಕೇಳುತ್ತಾರೆ. ಹೇಳುತ್ತೇನೆ.

ಆಟವನ್ನು ಫೋನಿನಿಂದ ತೆಗೆಸಿದೆ. ಸಂಘದಲ್ಲಿ ಹದಿನೇಳು ಜನ ತೆಗೆಸಿದ್ದಾರೆ. ಮುನಿಕೆಂಪಮ್ಮ ತೆಗೆಸಿಲ್ಲ. ಆಟದ ಮಗಳಿಗೆ ಮತ್ತೆ ಗಂಡು ಹುಡುಕುತ್ತಿದ್ದಾಳೆ.

ನಿಮಗೆ ಇದೇ ಕೊನೆಯ ಕಾಗದ. ಇದನ್ನು ಮುಗಿಸಿ ಸಂಯುಕ್ತಾಗೆ ಬರೆಯಬೇಕು. ಹಾಳೆ ತೆಗೆದಿಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದೇನೆ. ಅವಳ ಹೆಸರು ಬರೆದಿದ್ದೇನೆ, ಮುಂದಕ್ಕೆ ಹೋಗಿಲ್ಲ. ನಿಮಗೆ ಬರೆಯುವುದು ಸುಲಭವಾಗಿತ್ತು.

ಮುನಿಗಂಗಮ್ಮ